ಬಾಡಿಗೆ ಮನೆಯ ಕೋಣೆಯಲ್ಲಿ ಧ್ವನಿಮುದ್ರಣ: ಗೋಡೆಗೆ ಏನು, ಎಷ್ಟು ದಪ್ಪ, ಎಲ್ಲಿ?

ಪ್ರಶ್ನೆ: ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಭಾವಗೀತೆ ಹಾಡಿ, ಕತೆ ಓದಿ ಮುದ್ರಿಸಿಕೊಳ್ಳುತ್ತೇನೆ. ನನ್ನದು ಗಂಡುದನಿ, ಶ್ರುತಿ ಕಪ್ಪು ಒಂದು. ನೆಲದ ಮೇಲೆ ಕುಳಿತು ಹಾಡುತ್ತೇನೆ. ಮೊದಲು ಮೈಕಿನ ಹಿಂದಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದೆ, ಆಮೇಲೆ ಅದರ ಪಕ್ಕದಲ್ಲಿ ಒಂದಿಂಚಿನ ಫೋಮ್ ಹಚ್ಚಿದೆ. ಚಪ್ಪಾಳೆಯ ಕಣಕಣ ಸದ್ದು ಸ್ವಲ್ಪ ತಗ್ಗಿತು, ಆದರೆ ದನಿಯ ಗುಂಯ್‌ಗುಡುವಿಕೆ ಹೋಗಲಿಲ್ಲ, ರಸ್ತೆಯ ಸದ್ದೂ ನಿಲ್ಲಲಿಲ್ಲ. ಇಪ್ಪತ್ತು ಸಾವಿರ ರೂಪಾಯಿಯೊಳಗೆ ಯಾವ ಫೋಮ್ ಕೊಂಡರೆ ಎರಡೂ ಸರಿಹೋಗುತ್ತವೆ?

ಉತ್ತರ: ಎರಡನ್ನೂ ಸರಿಪಡಿಸುವ ಫೋಮ್ ಯಾವುದೂ ಇಲ್ಲ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುವುದನ್ನು ತಗ್ಗಿಸುವುದು ಒಂದು ಕೆಲಸ, ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಪೂರ್ತಿ ಬೇರೆಯ ಕೆಲಸ. ಮೊದಲನೆಯದಕ್ಕೆ ಗಾಳಿಯಾಡುವ, ದಪ್ಪನೆಯ, ನಾರಿನಂಥ ವಸ್ತು ಬೇಕು. ಎರಡನೆಯದಕ್ಕೆ ಭಾರ ಬೇಕು, ಗಾಳಿ ನುಸುಳದ ಮುಚ್ಚಳಿಕೆ ಬೇಕು. ಗಾಳಿ ಆಡುವುದೇ ಒಂದರ ಗುಣವಾದರೆ ಆಡದಿರುವುದೇ ಇನ್ನೊಂದರ ಗುಣ. ಹೀಗಿರುವಾಗ ಹಗುರವಾದ ಫೋಮಿನಿಂದ ಲಾರಿಯ ಹಾರನ್ ನಿಲ್ಲಬೇಕೆಂದು ನಿರೀಕ್ಷಿಸುವಂತಿಲ್ಲ. ಮೊದಲು ನಿಮ್ಮ ಗುಂಯ್‌ಗುಡುವಿಕೆಯ ವಿಷಯಕ್ಕೆ ಬರುತ್ತೇನೆ. ರಸ್ತೆಯ ಸದ್ದಿಗೆ ಕೊನೆಯಲ್ಲಿ.

ನೀವು ಕೊಟ್ಟ ಅಳತೆಯಲ್ಲೇ ರೋಗದ ಮೂಲ ಸಿಗುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರದ ಎರಡರಷ್ಟಕ್ಕೆ ಯಾವ ಸ್ವರದ ಅಲೆಯುದ್ದ ಸಮನಾಗುತ್ತದೋ ಆ ಸ್ವರ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟು ಆವೃತ್ತಿಯ ಸ್ವರಗಳು ಆ ಗೋಡೆಗಳ ನಡುವೆ ನಿಂತ ಅಲೆಗಳಾಗಿ ಊದಿಕೊಳ್ಳುತ್ತವೆ. ನಿಮ್ಮ ಕೋಣೆಯ 12 ಅಡಿ ಎಂದರೆ 3.66 ಮೀಟರ್, ಆ ದಿಕ್ಕಿನಲ್ಲಿ 47, 94, 141 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹೀಗೆ ಸರಣಿ ಹೊರಡುತ್ತದೆ. 10 ಅಡಿಯ ದಿಕ್ಕಿನಲ್ಲಿ 56, 112, 169. ನಿಮ್ಮ ಕೋಣೆಯ ಎತ್ತರವೂ 10 ಅಡಿಯೇ ಆದ್ದರಿಂದ ಈ ಎರಡನೆಯ ಸರಣಿ ಎರಡು ಬಾರಿ ಬೀಳುತ್ತದೆ, ಅಂದರೆ ಅಗಲದ ಗೋಡೆಗಳೂ ನೆಲ ಮತ್ತು ಮಾಳಿಗೆಯೂ ಒಂದೇ ಸ್ವರಗಳನ್ನು ಎತ್ತಿ ಹಿಡಿಯುತ್ತವೆ. ನಮ್ಮ ಊರುಗಳಲ್ಲಿ ಆರ್‌ಸಿಸಿ ಮನೆಗಳ ಕೋಣೆಗಳು ಬಹುಪಾಲು ಇದೇ ಅಳತೆಯವಾದ್ದರಿಂದ ಈ ತೊಂದರೆ ನಿಮ್ಮೊಬ್ಬರದಲ್ಲ.

ಇದನ್ನು ನಿಮ್ಮ ಶ್ರುತಿಯ ಪಕ್ಕದಲ್ಲಿಟ್ಟು ನೋಡಿ. ಕಪ್ಪು ಒಂದು, ಅಂದರೆ ಸಿ ಶಾರ್ಪ್; ನಿಮ್ಮ ಮಧ್ಯ ಷಡ್ಜ ಸುಮಾರು 138.6 ಹರ್ಟ್ಸ್. ಕೋಣೆಯ ಉದ್ದದ ಮೂರನೆಯ ಅಲೆ 141, ಬಹುತೇಕ ಷಡ್ಜದ ಮೇಲೆಯೇ ಕುಳಿತಿದೆ. ಮಂದ್ರದ ಕೋಮಲ ಧೈವತ 110. ಎರಡು ಬಾರಿ ಬೀಳುವ 112 ಅದರ ಮಗ್ಗುಲಲ್ಲೇ ಇದೆ. ಹಾಗಾಗಿ ಮಂದ್ರಕ್ಕೆ ಇಳಿದು ಮತ್ತೆ ಷಡ್ಜಕ್ಕೆ ಬಂದು ನಿಲ್ಲುವ ಸಾಲುಗಳಲ್ಲಿ ಕೆಲವು ಸ್ವರಗಳು ಊದಿಕೊಂಡು, ಅವುಗಳ ಪಕ್ಕದವು ಸೊರಗಿದಂತೆ ಕೇಳಿಸುವುದು ಸಹಜ. ತಂಬೂರಿ ಆ್ಯಪ್ ಹಾಕಿಕೊಂಡು ಮಂದ್ರ ಪಂಚಮದಿಂದ ಮಧ್ಯ ಷಡ್ಜದವರೆಗೆ ಅಕಾರದಲ್ಲಿ, ಒಂದೇ ಬಲದಲ್ಲಿ, ನಿಧಾನವಾಗಿ ಜಾರಿಸಿ ಹಾಡಿ ಮುದ್ರಿಸಿಕೊಳ್ಳಿ. ಗಂಟಲು ಮಾಡದ ಏರಿಳಿತವನ್ನು ಕೋಣೆ ಎಲ್ಲಿ ಮಾಡುತ್ತಿದೆ ಎಂಬುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಈ ಮುದ್ರಣವನ್ನು ಜೋಪಾನವಾಗಿಡಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

47 ಮತ್ತು 56 ಹರ್ಟ್ಸ್ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. 70 ಅಥವಾ 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ಸೋಸಿ ತೆಗೆಯುವ ಸೌಲಭ್ಯ) ಹಾಕಿದರೆ ಅಲ್ಲಿನ ಫ್ಯಾನಿನ, ಬಸ್ಸಿನ ಗೊಣಗು ಕೂಡ ಹೋಗುತ್ತದೆ. ಸ್ಪೀಕರಿನಲ್ಲಿ ಕೇಳಿ ಮಿಕ್ಸಿಂಗ್ ಮಾಡುವವರಿಗೆ ಆ ತಳದ ಸ್ವರಗಳು ದೊಡ್ಡ ತಲೆನೋವು. ನಿಮಗೆ ಸದ್ಯ ಹೆಡ್‌ಫೋನ್ ಸಾಕು. ಹಾಡುವ ಕೋಣೆಯನ್ನೂ ಮಿಕ್ಸ್ ಮಾಡುವ ಕೋಣೆಯನ್ನೂ ಒಂದೇ ಖರ್ಚಿನಲ್ಲಿ ಮುಗಿಸಲು ಹೊರಟವರು ಎರಡನ್ನೂ ಅರೆಬರೆ ಮಾಡಿಕೊಳ್ಳುವುದೇ ಹೆಚ್ಚು.

ಇನ್ನು ಮೊಟ್ಟೆ ಟ್ರೇ ಮತ್ತು ಫೋಮ್ ಏಕೆ ಸೋತವು ಎಂಬುದು. ನಾರಿನಂಥ ವಸ್ತುವಿನಲ್ಲಿ ಗಾಳಿಯ ಕಣಗಳು ಹಿಂದೆಮುಂದೆ ಓಡಾಡುವಾಗ ಉಜ್ಜಾಟವಾಗಿ ಸದ್ದಿನ ಶಕ್ತಿ ಶಾಖವಾಗುತ್ತದೆ. ಆದರೆ ಗೋಡೆಗೆ ತಾಗಿದಲ್ಲಿ ಗಾಳಿಗೆ ಓಡಾಡಲು ಜಾಗವೇ ಇಲ್ಲ. ಅದು ಅತಿ ಹೆಚ್ಚು ಓಡಾಡುವುದು ಗೋಡೆಯಿಂದ ಕಾಲು ಅಲೆಯುದ್ದದಷ್ಟು ದೂರದಲ್ಲಿ. ನಿಮ್ಮ 112 ಹರ್ಟ್ಸ್‌ನ ಅಲೆಯುದ್ದ ಸುಮಾರು ಮೂರು ಮೀಟರ್, ಅದರ ಕಾಲು ಭಾಗ ಎರಡೂವರೆ ಅಡಿ. ಗೋಡೆಗಂಟಿದ ಒಂದಿಂಚಿನ ಫೋಮ್ ಆ ಅಲೆಯ ಪಾಲಿಗೆ ಇದ್ದೂ ಇಲ್ಲದಂತೆ. ಅದು ಹೀರುವುದು ಮೇಲಿನ ಸ್ವರಗಳನ್ನು: ಚಪ್ಪಾಳೆಯ ಕಣಕಣ, ಸಕಾರದ ಸುಯ್ಲು. ಅದರ ಫಲವಾಗಿ ದನಿಯ ಹೊಳಪು ಹೋಗಿ ತಳದ ಗುಂಯ್‌ಗುಡುವಿಕೆ ಮೊದಲಿಗಿಂತ ಎದ್ದು ಕಾಣತೊಡಗುತ್ತದೆ. ನೀವು ನಾಲ್ಕೂ ಗೋಡೆಗೆ ಅದೇ ಫೋಮ್ ಹಚ್ಚಿದ್ದರೆ ಕೋಣೆ ಇನ್ನೂ ಕೆಡುತ್ತಿತ್ತು. ಮೊಟ್ಟೆ ಟ್ರೇಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ತೆಳ್ಳನೆಯ ರಟ್ಟು; ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಜಿರಲೆ, ವರ್ಷವಿಡೀ ಬೆಂಕಿಯ ಭಯ. ತೆಗೆದುಬಿಡಿ.

ಬೆಂಕಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನ ನೈಟ್‌ಕ್ಲಬ್ ಒಂದರಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಹಚ್ಚಿದ್ದ ಪಾಲಿಯುರೆಥೇನ್ ಫೋಮಿಗೆ ತಗುಲಿ ನೂರು ಜನ ಸತ್ತರು. ಬೆಂಕಿ ನಿರೋಧಕ ಪ್ರಮಾಣಪತ್ರವಿಲ್ಲದ ಅಗ್ಗದ ಫೋಮ್ ಬಹುಮಟ್ಟಿಗೆ ಅದೇ ಜಾತಿಯದು. ಮುದ್ರಣಕ್ಕೆ ಮೊದಲು ಮೈಕಿನ ಮುಂದೆ ದೀಪ, ಊದುಬತ್ತಿ ಹಚ್ಚುವ ಪದ್ಧತಿ ನಮ್ಮಲ್ಲಿ ಅನೇಕರಿಗಿದೆ. ಫೋಮ್ ಹಚ್ಚಿದ ಕೋಣೆಯಲ್ಲಿ ಅದನ್ನು ಮಾಡಲೇಬೇಡಿ.

ಹಾಗಾದರೆ ಎಷ್ಟು ಹೀರಿಕೆ ಬೇಕು? ಇದಕ್ಕೆ ದಾರಿ ತೋರಿಸಿದವರು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವ್ಯಾಲೇಸ್ ಸ್ಯಾಬಿನ್. 1895ರಲ್ಲಿ ಅಲ್ಲಿನ ಫಾಗ್ ಉಪನ್ಯಾಸ ಕೊಠಡಿಯಲ್ಲಿ ಮಾತು ಒಂದರ ಮೇಲೊಂದು ಬಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ಹೊತ್ತ ಅವರು ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸಾಲುಸಾಲಾಗಿ ಹರಡಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದು ಒಂದು ಸೂತ್ರ ಕಂಡುಕೊಂಡರು: ಕೋಣೆಯ ಘನ ಮೀಟರ್ ಗಾತ್ರವನ್ನು 0.161ರಿಂದ ಗುಣಿಸಿ, ಹೀರಿಕೆಯ ಒಟ್ಟು ಚದರ ಮೀಟರಿನಿಂದ ಭಾಗಿಸಿದರೆ ಅನುರಣನ ಕಾಲ, ಅಂದರೆ ಸದ್ದು ಅಡಗಲು ಹಿಡಿಯುವ ಹೊತ್ತು, ಸೆಕೆಂಡುಗಳಲ್ಲಿ ಸಿಗುತ್ತದೆ. ನಿಮ್ಮ ಕೋಣೆಯ ಗಾತ್ರ 34 ಘನ ಮೀಟರ್, ಒಳಮೈ ಒಟ್ಟು 63 ಚದರ ಮೀಟರ್. ಗಾರೆ ಗೋಡೆ, ವಿಟ್ರಿಫೈಡ್ ಟೈಲ್ಸ್ ಇವೆಲ್ಲ ನೂರಕ್ಕೆ ಮೂರರಷ್ಟು ಹೀರುತ್ತವೆಂದು ಹಿಡಿದರೆ ಹೀರಿಕೆ 1.9 ಚದರ ಮೀಟರ್. ಬರಿದಾದ ಕೋಣೆಯ ಅನುರಣನ ಸುಮಾರು 2.9 ಸೆಕೆಂಡು. ಹಾಡು, ಓದಿಗೆ ಅದು 0.3ರಿಂದ 0.5 ಸೆಕೆಂಡಿಗೆ ಇಳಿಯಬೇಕು. ಅರ್ಧ ಸೆಕೆಂಡಿಗೆ ಇಳಿಸಲು ಒಟ್ಟು 11 ಚದರ ಮೀಟರ್, 0.3ಕ್ಕೆ ಇಳಿಸಲು 18 ಚದರ ಮೀಟರ್ ಹೀರಿಕೆ ಬೇಕು. ಚಿಕ್ಕ ಕೋಣೆಗಳಲ್ಲಿ, ವಿಶೇಷವಾಗಿ ತಳದ ಸ್ವರಗಳಿಗೆ, ಈ ಸೂತ್ರ ಕರಾರುವಾಕ್ಕಲ್ಲ. ಆದರೂ ಒಂದಡಿ ಅಗಲದ ನಾಲ್ಕಾರು ಫೋಮ್ ಚೌಕಗಳಿಂದ ಏನೂ ಆಗದು ಎಂಬುದನ್ನು ತಿಳಿಯಲು ಇಷ್ಟು ಲೆಕ್ಕ ಸಾಕು.

ನನ್ನ ಸಲಹೆ, 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಎಂಟು ಫಲಕಗಳನ್ನು ನೀವೇ ಮಾಡಿಕೊಳ್ಳಿ. ಒಳಗಿನ ವಸ್ತು ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಳೆ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯದು. 50 ಮಿಲಿಮೀಟರ್ ದಪ್ಪದ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ನಾಲ್ಕಿಂಚು. ಕಟ್ಟಡಗಳ ಶಾಖ ನಿರೋಧಕ ಸಾಮಗ್ರಿ ಮಾರುವವರಲ್ಲಿ ಇದು ಸಿಗುತ್ತದೆ. ‘ಸ್ಟುಡಿಯೋ’ ಎಂಬ ಹೆಸರು ಹೇಳಿ ಕೇಳಿದರೆ ಬೆಲೆ ಏರುತ್ತದೆ. ಅಂಗಡಿಯವರು 96 ಕಿಲೋದ್ದು ಇನ್ನೂ ಒಳ್ಳೆಯದು ಎನ್ನಬಹುದು. ಒಪ್ಪಬೇಡಿ. ಹೆಚ್ಚು ಒತ್ತೊತ್ತಾದ ವಸ್ತುವಿನೊಳಕ್ಕೆ ಗಾಳಿ ಸಲೀಸಾಗಿ ನುಗ್ಗದೆ ಸದ್ದು ಒಂದಿಷ್ಟು ಮೇಲ್ಮೈಯಿಂದಲೇ ಹಿಂತಿರುಗುತ್ತದೆ. ದುಡ್ಡನ್ನು ಸಾಂದ್ರತೆಗೆ ಹಾಕುವ ಬದಲು ದಪ್ಪಕ್ಕೆ ಹಾಕಿ.

ಚೌಕಟ್ಟಿಗೆ ಸಿಲ್ವರ್ ಓಕ್ ಅಥವಾ ಪೈನ್ ಪಟ್ಟಿ ಸಾಕು, ಒಳ ಅಳತೆ 1200ಕ್ಕೆ 600 ಮಿಲಿಮೀಟರ್ ಇರಲಿ. ಹಾಳೆ ಕತ್ತರಿಸದೆಯೇ ಕೂರುತ್ತದೆ. ಹಿಂಬದಿಗೆ ಪ್ಲೈವುಡ್ ಹೊಡೆಯಬೇಡಿ. ಬಡಗಿಗಳು ‘ಗಟ್ಟಿಯಾಗಿರಲಿ’ ಎಂದು ತಪ್ಪದೆ ಹೊಡೆಯುವುದು ಇದನ್ನೇ, ಫಲಕದ ಅರ್ಧ ಪ್ರಯೋಜನ ಕಳೆಯುವುದೂ ಇದೇ. ಮೂಲೆಗೆ ತ್ರಿಕೋನದ ನಾಲ್ಕು ತುಂಡು ಕೊಟ್ಟರೆ ಚೌಕಟ್ಟು ಸೆಟೆದು ನಿಲ್ಲುತ್ತದೆ. ರಾಕ್‌ವೂಲ್ ಹಾಳೆಗಳನ್ನು ಮೊದಲು ತೆಳ್ಳನೆಯ ನಾನ್‌ವೋವನ್ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ನೋಟಕ್ಕೆ ಬೇಕಾದ ಬಟ್ಟೆ ಎಳೆದು ಹಿಂದಿನಿಂದ ಸ್ಟೇಪಲ್ ಹೊಡೆಯಿರಿ. ಬಟ್ಟೆಯ ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು: ತುಟಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ಆಚೆ ಹೋಗಬೇಕು. ಖಾದಿ ಉತ್ತಮ. ರೆಕ್ಸಿನ್ ಬೇಡ. ಗೋಣಿತಾಟು ಸದ್ದಿನ ಲೆಕ್ಕದಲ್ಲಿ ಒಳ್ಳೆಯದೇ ಆದರೂ ಅದರ ಧೂಳು ಹಾಡುವವರ ಗಂಟಲಿಗಾಗದು.

ರಾಕ್‌ವೂಲ್ ಕ್ಯಾನ್ಸರ್ ತರುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2001ರ ಮರುಪರಿಶೀಲನೆಯಲ್ಲಿ ಕಟ್ಟಡಗಳಿಗೆ ಬಳಸುವ ರಾಕ್‌ವೂಲ್, ಗ್ಲಾಸ್‌ವೂಲ್‌ಗಳನ್ನು ‘ಕ್ಯಾನ್ಸರ್‌ಕಾರಕವಿರಬಹುದು’ ಎಂಬ ಗುಂಪಿನಿಂದ ಹೊರತೆಗೆದು, ವರ್ಗೀಕರಿಸಲಾಗದ ಮೂರನೆಯ ಗುಂಪಿಗೆ ಸೇರಿಸಿತು. ಆದರೂ ಅದರ ಎಳೆಗಳು ಚರ್ಮಕ್ಕೆ ತುರಿಕೆ, ಗಂಟಲಿಗೆ ಕಿರಿಕಿರಿ ಮಾಡುವುದು ನಿಜ. ಎನ್95 ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಂಡು, ಕೆಲಸವನ್ನು ಮಹಡಿಯ ಮೇಲೋ ಹಿತ್ತಿಲಲ್ಲೋ ಮಾಡಿ; ಕೋಣೆಯೊಳಗೆ ಬೇಡ. ಬಟ್ಟೆ ಮುಚ್ಚಿದ ಮೇಲೆ ಅದನ್ನು ಯಾರೂ ಕೆದಕದಿದ್ದರೆ ತೊಂದರೆಯಿಲ್ಲ. ಬೆಂಕಿಯ ವಿಷಯದಲ್ಲಂತೂ ಫೋಮಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ರಾಕ್‌ವೂಲ್ ಉರಿಯುವುದಿಲ್ಲ.

ಈಗ ಎಲ್ಲಿಡಬೇಕೆಂಬುದು. ನೀವು ಫೋಮನ್ನು ಮೈಕಿನ ಹಿಂದಿನ ಗೋಡೆಗೆ ಹಚ್ಚಿದ್ದೀರಿ. ಬಹುತೇಕ ಎಲ್ಲರೂ ಹಾಗೆಯೇ ಮಾಡುತ್ತಾರೆ. ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನದನ್ನು ಕೇಳುತ್ತದೆ, ಬೆನ್ನ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡು. ಅದರ ಮುಂದೆ ಇರುವುದು ನೀವು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಆದ್ದರಿಂದ ಹೀರಿಕೆ ಮೊದಲು ಬೇಕಾದದ್ದು ಹಾಡುವವರ ಬೆನ್ನ ಹಿಂದೆ. 10 ಅಡಿ ಅಗಲದ ಗೋಡೆಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಬೆನ್ನು ಮಾಡಿ, ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ಕುಳಿತುಕೊಳ್ಳಿ. ಆ ಗೋಡೆಯ ಎರಡೂ ಮೂಲೆಗಳಿಗೆ ಅಡ್ಡಲಾಗಿ, ಒಂದರ ಮೇಲೊಂದರಂತೆ ಎರಡೆರಡು ಫಲಕ ನಿಲ್ಲಿಸಿ. ಎಲ್ಲ ನಿಂತ ಅಲೆಗಳೂ ಮೂಲೆಯಲ್ಲಿ ಬಂದು ಸೇರುತ್ತವೆ, ಅಲ್ಲದೆ 2 ಅಡಿಯ ಫಲಕವನ್ನು ಹೀಗೆ ಅಡ್ಡ ನಿಲ್ಲಿಸಿದಾಗ ಹಿಂದೆ ಒಂದಡಿಯವರೆಗೆ ಖಾಲಿ ಜಾಗ ಪುಕ್ಕಟೆಯಾಗಿ ಸಿಕ್ಕಿ, ನಾಲ್ಕಿಂಚಿನ ಫಲಕ ಇನ್ನೂ ಕೆಳಗಿನ ಸ್ವರಗಳಿಗೆ ಕೈಚಾಚುತ್ತದೆ. ನಿಮ್ಮ 112 ಮತ್ತು 141 ಪೂರ್ತಿ ಅಡಗುತ್ತವೆ ಎನ್ನಲಾರೆ, ಆದರೆ ಅವುಗಳ ಬಾಲ ಮೊಟಕಾಗುತ್ತದೆ, ಸ್ವರ ಬಿಟ್ಟ ಮೇಲೂ ಗುಂಯ್‌ಗುಡುವುದು ತಗ್ಗುತ್ತದೆ.

ಎರಡು ಮೂಲೆಗಳ ನಡುವೆ ಉಳಿದ ಏಳಡಿ ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿ. ಉತ್ತರ ಕರ್ನಾಟಕದ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಇರುತ್ತದಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ್ದು; ಕುರಿಯುಣ್ಣೆಯ ಕಂಬಳಿ ಎರಡು ಪದರವಾದರೂ ಆದೀತು. ಗೋಡೆಗೆ ತಾಗಿಸದೆ ನಾಲ್ಕಿಂಚು ಈಚೆಗೆ ಸರಿಗೆ ಕಟ್ಟಿ ನೇತುಹಾಕುವುದು ಮುಖ್ಯ. ಇನ್ನೆರಡು ಫಲಕಗಳು ನಿಮ್ಮ ಎಡಬಲ ಗೋಡೆಗಳಿಗೆ, ನೀವು ಕುಳಿತಾಗ ಬಾಯಿ ಇರುವ ಎತ್ತರಕ್ಕೆ. ಕೊನೆಯ ಎರಡನ್ನು ಎದುರಿನ ಗೋಡೆಗೆ ಒರಗಿಸಿ. ಗೋಡೆ ಕೊರೆಯಲು ಮನೆಯ ಮಾಲೀಕರು ಒಪ್ಪದಿದ್ದರೆ ಚಿಂತೆಯಿಲ್ಲ. ಒಂದೊಂದು ಫಲಕ ಆರೇಳು ಕಿಲೋ ತೂಗುತ್ತದೆ, ಕಾಲು ಕೊಟ್ಟು ನೆಲದ ಮೇಲೆಯೇ ನಿಲ್ಲಿಸಬಹುದು. ಮೂಲೆಯ ಜೋಡಿಗಳನ್ನು ಮಾತ್ರ ಒಂದಕ್ಕೊಂದು ಬಿಗಿದು, ಬೀಳದಂತೆ ಕಟ್ಟಿ. ಗೋಡೆಯಿಂದ ಅಂತರ ಇಟ್ಟದ್ದು ಮಲೆನಾಡಿನ ಮಗ್ಗುಲಲ್ಲಿರುವ ನಿಮಗೆ ಇನ್ನೊಂದು ರೀತಿಯಲ್ಲೂ ಅನುಕೂಲ: ಆಷಾಢದ ತೇವಕ್ಕೆ ಬೆವರುವ ಗೋಡೆಗೆ ಬಟ್ಟೆ ತಾಗಿಕೊಂಡಿದ್ದರೆ ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ.

ಮಾಳಿಗೆಗೆ ಏನೂ ಮಾಡಬೇಡಿ. ಬಾಡಿಗೆ ಮನೆಯ ಸ್ಲ್ಯಾಬಿಗೆ ಕೊಕ್ಕೆ ಹೊಡೆಯುವ ರಗಳೆಗಿಂತ, ನೆಲಕ್ಕೆ ಹತ್ತಿಯ ದಪ್ಪ ಗಾದಿ ಹಾಸಿ, ಮೇಲೆ ಜಮಖಾನ ಹಾಸಿ ಕುಳಿತುಕೊಳ್ಳುವುದು ಸುಲಭ. ಎದುರುಬದುರು ಎರಡು ಮೈಗಳ ನಡುವಿನ ಕಣಕಣ ನಿಲ್ಲಲು ಅವುಗಳಲ್ಲಿ ಒಂದು ಮೆತ್ತಗಿದ್ದರೆ ಸಾಕು. ಬರೀ ಜಮಖಾನ ಸಾಲದು, ಅದು ತೆಳು. ಹಾರ್ಮೋನಿಯಂ ಜೊತೆಗಿದ್ದರೆ ಅದನ್ನು ಗಾದಿಯ ಮೇಲಿಡದೆ ಮಣೆಯ ಮೇಲಿಡಿ.

ಎಂಟು ಫಲಕಗಳಿಂದ ಸುಮಾರು 6 ಚದರ ಮೀಟರ್, ಗಾದಿ, ಕೌದಿ, ಪುಸ್ತಕದ ಕಪಾಟು, ಬಟ್ಟೆ ತುಂಬಿದ ತೆರೆದ ಅಲಮಾರಿ, ಕಿಟಕಿಗೆ ನೆರಿಗೆ ತುಂಬಿದ ಪರದೆ ಇವೆಲ್ಲದರಿಂದ ಇನ್ನು ಮೂರ್ನಾಲ್ಕು ಸೇರಿದರೆ ಅನುರಣನ ಅರ್ಧ ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಇಪ್ಪತ್ತು ಸಾವಿರದಲ್ಲಿ ಇಷ್ಟು ಆಗುತ್ತದೆಂದೇ ನನ್ನ ಅಂದಾಜು. ಚೌಕಟ್ಟನ್ನು ನೀವೇ ಮಾಡಿಕೊಂಡರೆ ಒಂದಿಷ್ಟು ಉಳಿಯಲೂಬಹುದು. 0.3 ಸೆಕೆಂಡಿಗೆ ಇಳಿಸಲು ಇದರ ಎರಡರಷ್ಟು ಫಲಕ ಬೇಕು, ಅದಕ್ಕೆ ಅವಸರಪಡಬೇಡಿ. ತೀರಾ ಸತ್ತ ಕೋಣೆಯಲ್ಲಿ ಹಾಡುವವರಿಗೆ ತಮ್ಮ ದನಿ ತಮಗೇ ಕೇಳದೆ ಗಂಟಲು ಒತ್ತಿ ಹಾಡುವಂತಾಗುತ್ತದೆ. ಕತೆ ಓದುವುದಕ್ಕೆ ಅಂಥ ಕೋಣೆ ಒಳ್ಳೆಯದು, ಭಾವಗೀತೆಗೆ ಅಲ್ಲ.

ದುಡ್ಡು ಕೇಳದ ಎರಡು ಉಪಾಯಗಳೂ ಇವೆ. ಮೈಕಿಗೂ ಬಾಯಿಗೂ ಒಂದಡಿ ಅಂತರವಿದ್ದುದನ್ನು ಅರ್ಧ ಅಡಿಗೆ ಇಳಿಸಿದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಅಷ್ಟು ಹತ್ತಿರದಲ್ಲಿ ಮೈಕ್ ತಳದ ಸ್ವರಗಳನ್ನು ತಾನೇ ಉಬ್ಬಿಸುವುದರಿಂದ ಅರ್ಧ ಅಡಿಗಿಂತ ಹತ್ತಿರ ಹೋಗಬೇಡಿ, ಬಾಯಿಂದ ಹೊಮ್ಮುವ ಗಾಳಿಯ ಹೊಡೆತ ತಡೆಯುವ ಪಾಪ್ ಫಿಲ್ಟರ್ ಮರೆಯಬೇಡಿ. ಎರಡನೆಯದು, ಕೋಣೆಯ ಅಗಲದ ನಟ್ಟನಡುವೆ ಕೂರಬೇಡಿ. ಆ 112 ಹರ್ಟ್ಸ್‌ನ ಅಲೆ ಗೋಡೆಗಳ ಬಳಿ ಮತ್ತು ಸರಿಯಾಗಿ ನಡುವೆ ತುತ್ತತುದಿಗೇರುತ್ತದೆ. ಅಲ್ಲಿಂದ ಒಂದಡಿ, ಒಂದೂವರೆ ಅಡಿ ಪಕ್ಕಕ್ಕೆ ಸರಿದು, ಅರ್ಧರ್ಧ ಅಡಿ ಹಿಂದೆಮುಂದೆ ಜರುಗಿ, ಅದೇ ಮಂದ್ರದ ಜಾರು ಹಾಡಿ ಮುದ್ರಿಸಿ ಕೇಳಿ. ಎಲ್ಲಿ ಅತ್ಯಂತ ಸಮನಾಗಿ ಕೇಳುತ್ತದೋ ಅಲ್ಲಿ ನೆಲಕ್ಕೆ ಗುರುತು ಹಾಕಿಕೊಳ್ಳಿ. ಅಳತೆಯ ಮೈಕ್ ಇದ್ದವರು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೇ ಗೆರೆಗಳಾಗಿ ನೋಡಬಹುದು. ಹಾಡುವವರ ಕಿವಿ ಇದ್ದವರಿಗೆ ಅದು ಅನಿವಾರ್ಯವಲ್ಲ.

ಉಳಿದದ್ದು ರಸ್ತೆಯ ಸದ್ದು. ನಿಮ್ಮ ಗೋಡೆಗಳು ಇಟ್ಟಿಗೆಯವಾದ್ದರಿಂದ ಅವು ಮಾಡಬೇಕಾದ ಕೆಲಸ ಮಾಡುತ್ತಿವೆ. ಸದ್ದು ನುಗ್ಗುತ್ತಿರುವುದು ಬಾಗಿಲು, ಕಿಟಕಿ, ವೆಂಟಿಲೇಟರುಗಳಿಂದ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲಿನ ಕೆಳಗೆ ಎರಡು ಸೆಂಟಿಮೀಟರ್ ಸಂದು ಇದ್ದರೆ ಅದು ಬಾಗಿಲಿನ ವಿಸ್ತಾರದ ನೂರಕ್ಕೊಂದು ಭಾಗ. ಅಷ್ಟು ತೆರಪಿದ್ದರೆ ಬಾಗಿಲು ತೇಗದ್ದಾಗಲಿ ಉಕ್ಕಿನದ್ದಾಗಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಆದ್ದರಿಂದ ಮೊದಲ ಖರ್ಚು ಬಾಗಿಲ ಸುತ್ತ ರಬ್ಬರ್ ಪಟ್ಟಿ ಮತ್ತು ಕೆಳಗೆ ಒತ್ತಿ ಕೂರುವ ಮುಚ್ಚಳಪಟ್ಟಿ. ಕಿಟಕಿಗೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ, ಅಂಚಿಗೆ ರಬ್ಬರ್ ಹಚ್ಚಿ, ಮುದ್ರಣದ ಹೊತ್ತಿಗೆ ಮಾತ್ರ ಚೌಕಟ್ಟಿಗೆ ಒತ್ತಿ ಕೂರಿಸುವಂತೆ ಮಾಡಿಸಿ. ವೆಂಟಿಲೇಟರಿಗೂ ಇದೇ ಉಪಾಯ. ಹೀಗೆ ಮುಚ್ಚಿ, ಫ್ಯಾನನ್ನೂ ನಿಲ್ಲಿಸಿದ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುವಂತಿಲ್ಲ, ಎರಡು ಹಾಡಿನ ನಡುವೆ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಇಷ್ಟಾದ ಮೇಲೂ ಭಾರಿ ಲಾರಿಯ ಗುಡುಗು ಬಂದೇ ಬರುತ್ತದೆ. ಅದನ್ನು ತಡೆಯಲು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಬೇಕು, ಬಾಡಿಗೆ ಮನೆಯಲ್ಲಿ ಆ ಮಾತು ಬೇಡ. ಬೆಳಗಿನ ಜಾವ, ಹಾಲಿನವರು ಬರುವ ಮೊದಲು ಮುದ್ರಿಸಿಕೊಳ್ಳಿ.

ಊರಿನಲ್ಲಿ ಮರದ ಮುಚ್ಚಿಗೆಯ ಹೆಂಚಿನ ಮನೆಯೇನಾದರೂ ನಿಮಗಿದ್ದರೆ, ಫಲಕಗಳಿಗೆ ದುಡ್ಡು ಹಾಕುವ ಮೊದಲು ಒಂದು ದಿನ ಅಲ್ಲಿ ಹಾಡಿ ಮುದ್ರಿಸಿ ನೋಡಿ. ತೆಳ್ಳನೆಯ ಹಲಗೆ ತಾನೇ ಅಲುಗಾಡಿ ತಳದ ಸ್ವರಗಳನ್ನು ಒಂದಿಷ್ಟು ನುಂಗುತ್ತದೆ, ಸಂದುಗಳಿಂದ ಒಂದಿಷ್ಟು ಆಚೆ ಸೋರಿಹೋಗುತ್ತದೆ. ಆರ್‌ಸಿಸಿ ಕೋಣೆಯ ಗುಂಯ್‌ಗುಡುವಿಕೆ ಅಲ್ಲಿ ಕಡಿಮೆ. ಮಳೆಗಾಲದಲ್ಲಿ ಮಾತ್ರ ಆ ಮನೆ ಉಪಯೋಗಕ್ಕೆ ಬಾರದು.